ಸಹಾಯ ಬೇಕು: ಟ್ರ್ಯಾಪ್ ಶೂಟಿಂಗ್‌ಗೆ ಯಾವ ಬಗೆಯ ಕೋವಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗು. ಕೈಲ್‌ಪೊಳ್ದ್ ಹಬ್ಬದ ದಿನ ತೋಕ್‌ಗೆ (ಕೋವಿಗೆ) ಹೂವಿಟ್ಟು ಪೂಜೆ ಮಾಡುವ ಮನೆ. ತಾತನ ಕಾಲದ ಜೋಡಿ ನಳಿಗೆ ಕೋವಿ ಇದೆ, ಎರಡು ನಳಿಗೆಯೂ ಅಕ್ಕಪಕ್ಕ. ತೆಂಗಿನಕಾಯಿಗೆ ಗುರಿ ಇಡಲು ಅದು ಸಾಕು. ಆದರೆ 22 ವರ್ಷದ ಮಗಳು ಈಗ ಟ್ರ್ಯಾಪ್, ಅಂದರೆ ಯಂತ್ರದಿಂದ ಹಾರಿಬರುವ ಮಣ್ಣಿನ ಬಟ್ಟಲಿಗೆ ಗುಂಡು ಹೊಡೆಯುವ ಆಟ, ಕಲಿಯಬೇಕು ಅಂತ ಹಟ ಹಿಡಿದಿದ್ದಾಳೆ. ನನಗೂ ತುಂಬಾ ಆಸೆ.

ಪಂಪ್ ಆಕ್ಷನ್ (ಪ್ರತಿ ಗುಂಡಿಗೂ ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆಯುವ ಕೋವಿ) ಬೇಡ, ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮದಲ್ಲಿ ಅದಕ್ಕೆ ಜಾಗವೇ ಇಲ್ಲ. ಉಳಿದದ್ದು ಎರಡು: ನಳಿಗೆಗಳು ಒಂದರ ಮೇಲೊಂದು ಇರುವ ಓವರ್-ಅಂಡರ್, ಇಲ್ಲವೇ ಗುಂಡು ಹಾರಿದ ಮೇಲೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್.

ಮಗಳು ಸಣ್ಣ ಮೈಕಟ್ಟಿನವಳು. ಹೋದ ಸಲ ತಾತನ ಕೋವಿಯಲ್ಲಿ ನಾಲ್ಕು ತೋಟಾ ಹೊಡೆದಳು, ಮರುದಿನ ಭುಜ ನೀಲಿಗಟ್ಟಿತ್ತು. ಗ್ಯಾಸ್‌ನಿಂದ ಓಡುವ ಸೆಮಿ ಆಟೊದಲ್ಲಿ ಒದೆತ ಮೆತ್ತಗಿರುತ್ತದೆ, ಅದೇ ಅದರ ದೊಡ್ಡ ಗುಣ. ಆದರೆ ಅವಳು ಎಡಗೈಯವಳು. ಖಾಲಿ ತೋಟಾ ಬಲಕ್ಕೆ ಹಾರುವ ಕೋವಿಯಾದರೆ ಅವಳ ಮುಖದ ಮುಂದೆಯೇ ಹಾರುತ್ತದೆ ಅಲ್ವಾ? ಓವರ್-ಅಂಡರ್‌ನಲ್ಲಿ ಆ ತೊಂದರೆ ಇಲ್ಲ. ಮಡಚಿ ತೆರೆದರೆ ಖಾಲಿ ಇದೆಯೋ ಇಲ್ಲವೋ ಪಕ್ಕದಲ್ಲಿ ನಿಂತವರಿಗೂ ಕಾಣುತ್ತದೆ. ತಂದೆಯಾಗಿ ನನಗೆ ಅದೇ ಜಾಸ್ತಿ ನೆಮ್ಮದಿ. ಎರಡು ನಳಿಗೆಗೆ ಬೇರೆ ಬೇರೆ ಚೋಕ್ (ಚರೆ ಎಷ್ಟು ಹರಡಬೇಕೆಂದು ನಿರ್ಧರಿಸುವ, ನಳಿಗೆಯ ಬಾಯಿಯ ಕಿರಿದು) ಇಡಬಹುದು. ಮೊದಲ ಗುಂಡು ತಪ್ಪಿ ಬಟ್ಟಲು ದೂರ ಹೋದಾಗ ಎರಡನೆಯದಕ್ಕೆ ಬಿಗಿ ಚೋಕ್.

ಎಡಗೈಯಿಂದ ಟ್ರ್ಯಾಪ್ ಹೊಡೆಯುವವರು ಯಾರಾದರೂ ಇದ್ದೀರಾ? ಓವರ್-ಅಂಡರ್‌ಗೆ 24 ಗ್ರಾಂ ಚರೆಯ ತೋಟಾ, ಒಳ್ಳೆಯ ರಬ್ಬರ್ ಪ್ಯಾಡ್ ಹಾಕಿದರೆ ಭುಜ ತಡೆಯುತ್ತದೆಯೇ? ಭುಜಕ್ಕೆ ಒರಗುವ ಮರದ ಹಿಡಿಯ ಉದ್ದ ಎಷ್ಟು ಕತ್ತರಿಸಿಕೊಂಡಿರಿ? ದಯವಿಟ್ಟು ತಿಳಿಸಿ.