ಶಹಾಬಾದ್ ಫರಸಿ (ಹಾಸುಗಲ್ಲು) ಮಾಳಿಗಿ ಸೋರ್ತದ, ಗೌಂಡಿಗೆ ಏನು ಹೇಳಬೇಕು?

ಪ್ರಶ್ನೆ (ಕಲಬುರಗಿ): ಫರಸಿ ಸಂದಿನ ಸಿಮೆಂಟು ಎದ್ದು ಬಂದದ. ಮ್ಯಾಲೆ ಬರೀ ಸಿಮೆಂಟ್ ಹಾಲು ಬಳಿದ್ರ ಸಾಕೇನ್ರಿ?

ಉತ್ತರ: ಸಾಲಲ್ಲರಿ. ಬಿಸಲಿಗೆ ಕಲ್ಲು ಹಿಗ್ಗಿ ರಾತ್ರಿ ಕುಗ್ಗತದ, ತೆಳು ಪದರ ಸಿಪ್ಪಿ ಏಳತದ. ಸಂದು 20 ಮಿ.ಮೀ. ಆಳ ಕೆದರಿಸ್ರಿ, ತಂತಿ ಬ್ರಶ್‌ನಿಂದ ತಿಕ್ಕಿ ನೀರು ಹೊಡೀರಿ. ಸಂದು ತುಂಬೋ ಮಾಲಿಗೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಸೋಸಿದ ಉಸುಕು. ಸಿಮೆಂಟ್ ಚೀಲಕ್ಕ 200 ಮಿ.ಲೀ. ವಾಟರ್‌ಪ್ರೂಫಿಂಗ್ ಲಿಕ್ವಿಡ್. ಕರಣಿ ತುದಿಯಿಂದ ಒತ್ತಿ ತುಂಬಬೇಕು.

ಉತ್ತರ: ಸಂಜಿಮುಂದ ಮಾಡಸ್ರಿ. ಮೇ ತಿಂಗಳ ಮಧ್ಯಾಹ್ನ ಕಾದ ಕಲ್ಲು ಮಾಲಿನ ನೀರು ಹೀರ್ತದ, ಕೂದಲೆಳಿ ಬಿರುಕು ಗ್ಯಾರಂಟಿ. ಏಳು ದಿನ ಒದ್ದಿ ಗೋಣಿತಟ್ಟು ಹಾಸ್ರಿ.

ಉತ್ತರ: ದಿನಗೂಲಿ ಬ್ಯಾಡ, ರನ್ನಿಂಗ್ ಫೂಟ್ (ಸಂದಿನ ಉದ್ದದ ಪ್ರತಿ ಫೂಟಿಗೆ ಇಷ್ಟು ಅಂತ) ಲೆಕ್ಕ ಮಾತಾಡ್ರಿ, ಕೆದರೋದು, ಕಸ ಇಳಸೋದು ಅದರಾಗೇ ಸೇರಲಿ. ತುಂಬೂ ಮುಂಚೆ ನೀವೇ ಮೊಳಿ ಇಳಿಸಿ ಆಳ ನೋಡ್ರಿ, ಆಳ ಕೆದರೋದ್ರಾಗೇ ಗೌಂಡಿಗಳು ಕೆಲಸ ಉಳಸೋದು.