ಸಿಎ-125 ಜಾಸ್ತಿ ಬಂದರೆ ಕ್ಯಾನ್ಸರ್ ಅಂತಲೇ?

ವೀಣಾ: ಅಕ್ಕನಿಗೆ 34 ವರ್ಷ. ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಸಿಎ-125 ಅನ್ನುವ ರಕ್ತ ಪರೀಕ್ಷೆ ಕೂಡ ಇತ್ತು, 92 ಬಂದಿದೆ. 35ರ ಒಳಗಿರಬೇಕಂತೆ. ಮನೆಯವರೆಲ್ಲ ಕಂಗಾಲಾಗಿದ್ದೇವೆ. ಇದು ಅಂಡಾಶಯದ ಕ್ಯಾನ್ಸರೇ?

ಮಂಜುನಾಥ: ತಡ ಮಾಡಬೇಡಿ, ದೊಡ್ಡ ಆಸ್ಪತ್ರೆಗೆ ಹೋಗಿ. ಈ ಕಾಯಿಲೆ ಗೊತ್ತೇ ಆಗದ ಹಾಗೆ ಬೆಳೆಯುತ್ತದೆ. ನನ್ನ ಕೇಳಿದರೆ ಎಲ್ಲ ಹೆಂಗಸರೂ ವರ್ಷಕ್ಕೊಮ್ಮೆ ಈ ಟೆಸ್ಟ್ ಮಾಡಿಸಬೇಕು.

ಡಾ. ಶೈಲಜಾ: ವೀಣಾ, ಗಾಬರಿ ಬೇಡ. ಮುಟ್ಟಿನ ಸಮಯದಲ್ಲಿ ರಕ್ತ ಕೊಟ್ಟರೂ ಇದು ಏರಬಹುದು. ಚಾಕೊಲೇಟ್ ಸಿಸ್ಟ್ (ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚೀಲ), ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆ), ಸೋಂಕು ಇದ್ದರೂ ಏರುತ್ತದೆ. ನಮ್ಮಲ್ಲಂತೂ ಹೊಟ್ಟೆಯ ಟಿಬಿಯನ್ನು ಮರೆಯಲೇಬಾರದು. ಹೊಟ್ಟೆಯಲ್ಲಿ ನೀರು, ಸಿಎ-125 ನೂರಾರು, ಥೇಟ್ ಕ್ಯಾನ್ಸರ್ ಥರವೇ ಕಾಣುತ್ತದೆ. ಬಯಾಪ್ಸಿ ಮಾಡಿದರೆ ಟಿಬಿ, ಮಾತ್ರೆಯಲ್ಲಿ ವಾಸಿಯಾಗುವಂಥದ್ದು! ಅಕ್ಕನಿಗೆ ಮುಟ್ಟಿನ ನೋವು ಜಾಸ್ತಿಯಾ?

ವೀಣಾ: ಹೌದು ಮೇಡಂ. ಎರಡು ದಿನ ಏಳೋಕೇ ಆಗಲ್ಲ.

ಡಾ. ಶೈಲಜಾ: ಹಾಗಾದರೆ ಚಾಕೊಲೇಟ್ ಸಿಸ್ಟ್ ಇರಬಹುದು, ಮೊದಲು ಸ್ಕ್ಯಾನ್ ಮಾಡಿಸಿ. ಮಂಜುನಾಥ್ ಅವರೇ, ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದ ಕೊನೆಯ ಫಲಿತಾಂಶ 2021ರಲ್ಲಿ ಬಂತು. ವರ್ಷವರ್ಷ ಟೆಸ್ಟ್ ಮಾಡಿದರೂ ಸಾವು ಕಡಿಮೆಯಾಗಲಿಲ್ಲ. ಮೊದಲ ಹಂತದ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದು ಏರುವುದೇ ಇಲ್ಲ.

ಸವಿತಾ: ಮೇಡಂ, ನಮ್ಮ ಅತ್ತೆಗೆ 61. ಹೊಟ್ಟೆ ಉಬ್ಬರ ಅಂದರೆ ತಿಂಗಳುಗಟ್ಟಲೆ ಗ್ಯಾಸ್ ಮಾತ್ರೆ ಕೊಟ್ಟರು. ಆಗಲೇ ಈ ಟೆಸ್ಟ್ ಮಾಡಿದ್ದರೆ? ಟೆಸ್ಟೇ ಬೇಡ ಅನ್ನೋದನ್ನ ನಾನು ಒಪ್ಪಲ್ಲ.

ಡಾ. ಶೈಲಜಾ: ನಿಮ್ಮ ಮಾತು ಸರಿ. ಆ ವಯಸ್ಸಿನಲ್ಲಿ ಉಬ್ಬರ ಬಿಡದೆ ಇದ್ದರೆ ಮಾಡಲೇಬೇಕು. ಆರ್‌ಎಂಐ ಅಂತ, ಗಡ್ಡೆ ಕ್ಯಾನ್ಸರ್ ಆಗಿರಬಹುದೇ ಎಂದು ಅಳೆಯುವ ಒಂದು ಲೆಕ್ಕವಿದೆ. ಸ್ಕ್ಯಾನಿನ ಅಂಕ (ಅನುಮಾನದ ಲಕ್ಷಣ ಒಂದಿದ್ದರೆ 1, ಎರಡು ಅಥವಾ ಹೆಚ್ಚಿದ್ದರೆ 3), ಮುಟ್ಟು ನಿಂತಿದೆಯೇ ಅನ್ನುವ ಅಂಕ (ಇಲ್ಲದಿದ್ದರೆ 1, ನಿಂತಿದ್ದರೆ 3), ಸಿಎ-125, ಮೂರನ್ನೂ ಗುಣಿಸುತ್ತೇವೆ. ವೀಣಾ ಅವರ ಅಕ್ಕನ ಸ್ಕ್ಯಾನಿನಲ್ಲಿ ಒಂದೇ ಅನುಮಾನದ ಲಕ್ಷಣ ಕಂಡರೆ 1×1×92, ಅಂದರೆ 92. ಮುಟ್ಟು ನಿಂತವರಿಗೆ, ಗಡ್ಡೆ ಎರಡೂ ಕಡೆ ಇದ್ದು ಹೊಟ್ಟೆಯಲ್ಲಿ ನೀರೂ ಇದ್ದರೆ 3×3×92, ಅಂದರೆ 828. 200 ದಾಟಿದರೆ ಕ್ಯಾನ್ಸರ್ ಸರ್ಜನ್ ಹತ್ತಿರ ಕಳಿಸುತ್ತೇವೆ.

ರೇಖಾ (ಲ್ಯಾಬ್): ಹದಿನಾರರ ಹುಡುಗಿಯ ಅಂಡಾಶಯದ ಗಡ್ಡೆಗೂ ಬರೀ ಸಿಎ-125 ಬರೆದು ಕಳಿಸ್ತಾರೆ. ಆ ವಯಸ್ಸಿನ ಗಡ್ಡೆಯ ಬಗೆಯೇ ಬೇರೆ, ಅದಕ್ಕೆ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಅನ್ನೋ ರಕ್ತ ಪರೀಕ್ಷೆಗಳು ಬೇಕು ಅಲ್ವಾ?

ಡಾ. ಶೈಲಜಾ: ಖಂಡಿತ ಬೇಕು.

ಮಂಜುನಾಥ: ಸರಿ, ಲಕ್ಷಣ ಇದ್ದವರಿಗೆ ಮಾತ್ರ ಅಂತಲೇ ಇಟ್ಟುಕೊಳ್ಳೋಣ. ಅಮ್ಮ, ಚಿಕ್ಕಮ್ಮ ಇಬ್ಬರಿಗೂ ಈ ಕ್ಯಾನ್ಸರ್ ಇದ್ದರೆ?

ಡಾ. ಶೈಲಜಾ: ಅವರ ಲೆಕ್ಕವೇ ಬೇರೆ. ಬಿಆರ್‌ಸಿಎ ಜೀನ್ (ಕೆಟ್ಟರೆ ಮನೆತನದಲ್ಲಿ ಈ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಜೀನ್) ಪರೀಕ್ಷೆಯ ಬಗ್ಗೆ ತಜ್ಞರನ್ನು ಕೇಳಲಿ. ಲಕ್ಷಣಕ್ಕೆ ಕಾಯುವುದು ಬೇಡ.