ಮೊದಲ ಸೋಲ್ಡರಿಂಗ್ ಐರನ್: 25 ವ್ಯಾಟ್ ಸಾಕೇನ್ರಿ?

ಪ್ರಶ್ನೆ (ಹುಬ್ಬಳ್ಳಿ): ರೇಡಿಯೋ ಕಿಟ್, ಎಲ್‌ಇಡಿ ಬಲ್ಬ್ ರಿಪೇರಿ ಕಲೀಬೇಕ್ರಿ. 25 ವ್ಯಾಟಿಂದು ತಗೊಳ್ಳೋದೋ, 60 ವ್ಯಾಟಿಂದೋ?

ಉತ್ತರ (ಧಾರವಾಡ): 60 ವ್ಯಾಟಿಂದು, ಆದ್ರ ಟೆಂಪರೇಚರ್ ಕಂಟ್ರೋಲ್ ಇರೋದ ನೋಡ್ರಿ. ಕಂಟ್ರೋಲ್ ಇಲ್ಲದ್ದು ಬ್ಯಾಡ, ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮ್ಯಾಲಿನ ಟ್ರ್ಯಾಕ್, ಅಂದ್ರ ತಾಮ್ರದ ಗೆರೆ, ಎದ್ದು ಬರ್ತದ. 25 ವ್ಯಾಟ್ ಕಿಟ್ಟಿಗೆ ನಡೀತದ; ಬಲ್ಬಿನ ಅಲ್ಯುಮಿನಿಯಂ ಪ್ಲೇಟ್ ಮಾತ್ರ ಬಿಸಿಯೆಲ್ಲಾ ಎಳಕೊಂಡು ಸೋಲ್ಡರ್ ಕರಗಾಂಗಿಲ್ಲ. ಚೂಪು ತುದಿಗಿಂತ 2 ಮಿ.ಮೀ. ಚಪ್ಪಟೆ ಬಿಟ್ (ಐರನ್ನಿನ ತುದಿ) ಛಲೋ.

ಉತ್ತರ (ಗದಗ): ಸೋಲ್ಡರ್ 60/40 (60 ಪಾಲು ತವರ, 40 ಪಾಲು ಸೀಸ), 0.8 ಮಿ.ಮೀ., ಒಳಗ ಫ್ಲಕ್ಸ್ (ಲೋಹ ಸ್ವಚ್ಛ ಮಾಡಿ ಸೋಲ್ಡರ್ ಹಿಡಿಸೋ ವಸ್ತು) ಇರೋದು. 350 ಡಿಗ್ರಿ ಸೆಲ್ಸಿಯಸ್ ಇಟ್ಟು, ಬಿಡಿಭಾಗದ ಕಾಲು ಮತ್ತ ಪ್ಯಾಡ್ (ಬೋರ್ಡಿನ ಮ್ಯಾಲೆ ಬೆಸೆಯೋ ತಾಮ್ರದ ಜಾಗ) ಎರಡಕ್ಕೂ ಬಿಟ್ ತಾಗಿಸಿ, ಒಂದು ಸೆಕೆಂಡ್ ಆದಮ್ಯಾಲೆ ಸೋಲ್ಡರ್ ಅಲ್ಲೇ ಮುಟ್ಟಸ್ರಿ. ಬಿಟ್ ಮ್ಯಾಲೆ ಕರಗಿಸಿ ಒಯ್ದ್ರ ಫ್ಲಕ್ಸ್ ಸುಟ್ಟು ಕೋಲ್ಡ್ ಜಾಯಿಂಟ್ (ಸರಿಯಾಗಿ ಹಿಡಿಯದ ಬೆಸುಗೆ) ಆಗ್ತದ.

ಉತ್ತರ (ಧಾರವಾಡ): ಹೌದ್ರಿ. ಬಿಟ್ಟಿಗೆ ಅರ ಹಚ್ಚಿ ಉಜ್ಜಬ್ಯಾಡ್ರಿ, ಮ್ಯಾಲಿನ ಕಬ್ಬಿಣದ ಲೇಪ ಹೋದ್ರ ತಾಮ್ರ ಸವದು ತೂತು ಬೀಳ್ತದ. ಆಫ್ ಮಾಡೂ ಮುಂದ ತುದಿಗೆ ಸೋಲ್ಡರ್ ಹಚ್ಚಿಡ್ರಿ.